ಆರುನೂರೋ, ಒಂಬೈನೂರೋ

ಓಬಳಪ್ಪನ ಕೈಯೇಟು ತಿನ್ನದವರು ನಮ್ಮ ಕಡೆಯ ಇಂಜಿನ್ ಕೆಲಸದವರಲ್ಲಿ ಕಡಿಮೆ. ನಾನೂ ತಿಂದಿದ್ದೇನೆ. ತರೀಕೆರೆಯಲ್ಲಿ ನನ್ನದೊಂದು ಲೇತ್ ಅಂಗಡಿ. ಅವನು ಮೊದಲ ಸಲ ಬಂದಾಗ ಇಂಜಿನ್ನಿನ ದಂಡ ಕೂರುವ ಒಂದು ಬುಶ್ ಮಾಡಿಕೊಟ್ಟೆ. ಅದು ಕೂದಲೆಳೆಯಷ್ಟು ಸಡಿಲವಾಯಿತೆಂದು ಮರುದಿನ ಬಂದವನೇ, ಮಾತಿಲ್ಲ ಕತೆಯಿಲ್ಲ, ನನ್ನ ಕೆನ್ನೆಗೆ ಬಿಟ್ಟ. ನಾನೇನು ಬಸವಣ್ಣನೇ? ಕೈಗೆ ಸಿಕ್ಕ ಸ್ಪ್ಯಾನರ್ ಬೀಸಿದೆ. ಅವನ ಎಡಹುಬ್ಬಿನ ಮೇಲೆ ಕೊನೆಯವರೆಗೂ ಇದ್ದ ಗೆರೆ ನಾನು ಕೊಟ್ಟಿದ್ದು. ಇಬ್ಬರೂ ರಕ್ತ ಒರೆಸಿಕೊಂಡು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿದೆವು. ಅಲ್ಲಿಂದ ಮುಂದೆ ಅವನಿಗೆ ನಾನು 'ಓಂಕಾರಣ್ಣ' ಆದೆ.

ಅವನ ಊರು ಬೀರೂರಿನ ಪಕ್ಕ. ಅಪ್ಪ ರೈಲ್ವೆ ಹಳಿಯ ಮೇಲೆ ಗ್ಯಾಂಗ್ ಕೂಲಿ. ಮನೆಯಲ್ಲಿ ಅಕ್ಷರ ಕಲಿತ ಮೊದಲನೆಯವನು ಇವನೇ. ನಾಲ್ಕನೇ ಕ್ಲಾಸಿನಲ್ಲಿ ಮೇಷ್ಟ್ರು ಹೊಡೆದರೆಂದು ಮೇಷ್ಟ್ರಿಗೇ ತಿರುಗಿ ಹೊಡೆದ, ಓದು ಅಲ್ಲಿಗೆ ಮುಗಿಯಿತು. ಬೀರೂರಿನ ಒಂದು ಸಾಮಿಲ್ಲಿನಲ್ಲಿ ಡೀಸೆಲ್ ಇಂಜಿನ್ನಿಗೆ ಸೇರಿಕೊಂಡ. ಕಲಿತಷ್ಟು ಅಕ್ಷರವನ್ನೇ ಅವನು ಮೆರೆಸಿದ್ದು ಮಾತ್ರ ಅಷ್ಟಿಷ್ಟಲ್ಲ. ಎಲ್ಲಿ ಇಂಜಿನ್ ಕಂಡರೂ ಹೆಗಲ ಟವೆಲಿನಿಂದ ಅದರ ಹಿತ್ತಾಳೆ ಪ್ಲೇಟು ಒರೆಸಿ, ಎಷ್ಟು ಅಶ್ವಶಕ್ತಿ, ನಿಮಿಷಕ್ಕೆ ಎಷ್ಟು ಸುತ್ತು, ನಂಬರೇನು ಎಂದು ಗಟ್ಟಿಯಾಗಿ ಓದುತ್ತಿದ್ದ. ಮನುಷ್ಯರ ಜಾತಿ ಕೇಳುವವರು ಊರಿಗೆ ನೂರು ಜನ ಇದ್ದಾರೆ. ಇವನು ಇಂಜಿನ್ನಿನ ಜಾತಿ ಕೇಳುತ್ತಿದ್ದ, ಅದೊಂದು ನನಗೆ ಅವನಲ್ಲಿ ಇಷ್ಟ.

ಮದುವೆಯಾದದ್ದು ಅಜ್ಜಂಪುರದ ಭಾಗಮ್ಮನನ್ನು. ಅವಳು ಚಿಕ್ಕಂದಿನಿಂದ ಅಲ್ಲಿನ ತೀರ್ಥಪ್ಪನ ರೈಸ್ ಮಿಲ್ಲಿನಲ್ಲಿ ಅಕ್ಕಿ ಕೇರುವ ಕೆಲಸದವಳು. ಅವಳ ತಮ್ಮ ಪುಟ್ಟಯ್ಯನೂ ಅಲ್ಲಿಯೇ ಹೊಟ್ಟು ಬಿಡಿಸುವ ಹಲ್ಲರಿಗೆ ಭತ್ತ ಸುರಿಯುತ್ತಿದ್ದ. ತಾಯಿ ಬೇಗ ಹೋಗಿದ್ದರಿಂದ ತಮ್ಮನನ್ನು ಕಂಕುಳಲ್ಲಿ ಹೊತ್ತು ಬೆಳೆಸಿದ್ದು ಅವಳೇ. ಅಣ್ಣ ಗಿರಿಯಪ್ಪ ಬೇರೆಯವರ ಹೊಲ ಮಾಡುತ್ತಿದ್ದ, ಸಿಟ್ಟಿನಲ್ಲಿ ಓಬಳಪ್ಪನಿಗೆ ಸರಿಜೋಡಿ. ಭಾವ, ಭಾಮೈದ ಮದುವೆಯ ದಿನವೇ ಊಟದ ಪಂಕ್ತಿಯಲ್ಲಿ ಕೈಕೈ ಮಿಲಾಯಿಸಿದರಂತೆ. ಭಾಗಮ್ಮ ಬಾಸಿಂಗ ಕಟ್ಟಿಕೊಂಡೇ ಇಬ್ಬರ ಜುಟ್ಟು ಹಿಡಿದು ಬಿಡಿಸಿದಳು ಎಂದು ಜನ ಈಗಲೂ ನಗುತ್ತಾರೆ.

ಎಪ್ಪತ್ತರ ದಶಕದ ನಡುವೆ ಕರೆಂಟಿನ ಕಾಟ ಹೆಚ್ಚಾಯಿತು. ದಿನದಲ್ಲಿ ಅರ್ಧ ಹೊತ್ತು ಮಿಲ್ಲು ನಿಂತೇ ಇರುತ್ತಿತ್ತು. ತೀರ್ಥಪ್ಪನಿಗೆ ಆಗ ನೆನಪಾದದ್ದು ಹಿಂದಿನ ಕೋಣೆಯಲ್ಲಿ ವರ್ಷಗಟ್ಟಲೆ ಬಿದ್ದಿದ್ದ, ಅವರಪ್ಪನ ಕಾಲದ ವಿಲಾಯಿತಿ ಇಂಜಿನ್. ಕರೆಂಟು ಬಂದ ಮೇಲೆ ಅದು ಓಡಿರಲಿಲ್ಲ, ಪೂಜೆ ಮಾತ್ರ ತಪ್ಪಿರಲಿಲ್ಲ. ಪ್ರತಿ ಆಯುಧಪೂಜೆಗೆ ಅದಕ್ಕೆ ಒಂದು ಕೈ ಬಣ್ಣ, ಕುಂಕುಮ, ಕುಂಬಳಕಾಯಿ. ಮದುವೆಯ ಮೇಲೂ ಆ ಮಿಲ್ಲಿನ ಕೆಲಸ ಬಿಡದಿದ್ದ ಭಾಗಮ್ಮ ತನ್ನ ಗಂಡನ ಹೆಸರು ಹೇಳಿದಳು. ಓಬಳಪ್ಪ ಬೀರೂರು ಬಿಟ್ಟು ಅಜ್ಜಂಪುರಕ್ಕೆ ಬಂದ.

ಇಂಜಿನ್ ನೋಡಿದ ಕೂಡಲೇ ಪ್ಲೇಟು ಹುಡುಕಿದ. ಕಂಪನಿಯ ಇಂಗ್ಲಿಷ್ ಪ್ಲೇಟು ಅದರ ಮೇಲೆ ಇರಲಿಲ್ಲ. ರಾಜ್ಯ ಒಂದಾದ ವರ್ಷದ ಉತ್ಸಾಹದಲ್ಲಿ ತೀರ್ಥಪ್ಪನ ತಂದೆ ಅದನ್ನು ಕಿತ್ತೆಸೆದು, ಪಾತ್ರೆಗೆ ಹೆಸರು ಹಾಕುವವನನ್ನು ಕರೆಸಿ, ಅದರ ವಿವರವನ್ನೆಲ್ಲ ಹೊಸ ಹಿತ್ತಾಳೆ ತಗಡಿನ ಮೇಲೆ ಕನ್ನಡದಲ್ಲಿ ಬರೆಸಿದ್ದರು. ಅಂಕಿಗಳೂ ಕನ್ನಡದವೇ. ಅಶ್ವಶಕ್ತಿ ಇಷ್ಟು. ಸುತ್ತು, ಓಬಳಪ್ಪ ಟವೆಲಿನಿಂದ ಒರೆಸಿ ಎಲ್ಲರಿಗೂ ಕೇಳುವಂತೆ ಓದಿದ, ಒಂಬೈನೂರು.

ಅದೇ ಕಂಪನಿಯ ಒಂಬೈನೂರು ಸುತ್ತಿನ ಇಂಜಿನ್ನನ್ನು ಅವನು ಬೀರೂರಿನಲ್ಲಿ ಓಡಿಸಿದ್ದ. ಅನುಮಾನವೇ ಬರಲಿಲ್ಲ. ಶುರು ಮಾಡಿದಾಗ ಮಾತ್ರ ಇಂಜಿನ್ ಆರುನೂರರ ಹತ್ತಿರ ಹೋಗಿ ನಿಂತುಬಿಡುತ್ತಿತ್ತು, ಮೇಲೆ ಏರುತ್ತಿರಲಿಲ್ಲ. ವೇಗಕ್ಕೆ ಲಗಾಮು ಹಾಕುವ ಗವರ್ನರಿನ ಸ್ಪ್ರಿಂಗ್ ಹಳತಾಗಿದೆ ಎಂದುಕೊಂಡ. ಬೇರೆ ಸ್ಪ್ರಿಂಗ್ ಹಾಕಿ ಬಿಗಿದ. ಸುತ್ತು ಅಳೆಯುವ ಮೀಟರನ್ನು ಬೀರೂರಿನಿಂದ ತಂದು ಹಿಡಿದು ನೋಡಿದ, ಒಂಬೈನೂರು ತೋರಿಸಿತು. ತೀರ್ಥಪ್ಪ ಅವನ ಬೆನ್ನು ತಟ್ಟಿದ.

ಒಂದು ತಿಂಗಳು ಓಡಿತು. ಒಂದು ಮಧ್ಯಾಹ್ನ, ಜನ ಭತ್ತದ ಚೀಲ ಇಟ್ಟುಕೊಂಡು ಸಾಲಾಗಿ ಕೂತಿದ್ದಾಗ, ಎಡಗಡೆಯ ಫ್ಲೈವೀಲ್ ಸಿಡಿಯಿತು. ಎದೆಯೆತ್ತರದ, ಗಾಡಿಯ ಗಾಲಿಯ ಹಾಗೆ ಅರೆಗಳಿದ್ದ ಎರಕದ ಚಕ್ರ ಅದು. ಒಂದು ತುಂಡು ಹೆಂಚು ಒಡೆದು ಬೀದಿಗೆ ಬಿದ್ದು ಕಟ್ಟಿಹಾಕಿದ್ದ ಎತ್ತಿನ ಬೆನ್ನು ಮುರಿಯಿತು. ಇನ್ನೊಂದು ಇಟ್ಟಿಗೆ ಗೋಡೆಯನ್ನು ತೂರಿಕೊಂಡು ಆಚೆ ಕೋಣೆಯಲ್ಲಿ ಹಲ್ಲರಿನ ಮುಂದೆ ನಿಂತಿದ್ದ ಪುಟ್ಟಯ್ಯನ ಎದೆಯ ಎಡಭಾಗವನ್ನು ಕಿತ್ತುಕೊಂಡು ಹೋಯಿತು. ಅವನು ಕೂಗಲಿಲ್ಲ. ಅಕ್ಕಿ ಬೀಳುವ ತೊಟ್ಟಿಯೊಳಗೆ ಮಗುಚಿಕೊಂಡ, ಅಕ್ಕಿಯೆಲ್ಲ ಕೆಂಪಾಯಿತು. ಓಬಳಪ್ಪ ತಲೆತುಂಬ ಹೆಂಚಿನ ಚೂರು ಚುಚ್ಚಿಕೊಂಡು ಗೋಡೆಯ ತೂತಿನಿಂದ ನುಗ್ಗಿ ಬಂದು ನೋಡಿದಾಗ, ಭಾಗಮ್ಮ ಮೊರ ಎಸೆದು ತಮ್ಮನ ಎದೆಯ ತೂತಿಗೆ ಎರಡೂ ಕೈ ಒತ್ತಿ ಹಿಡಿದುಕೊಂಡಿದ್ದಳಂತೆ, ಹಾಗೆ ಹಿಡಿದರೆ ಜೀವ ನಿಲ್ಲುತ್ತದೆ ಅನ್ನುವವಳ ಹಾಗೆ.

ತೀರ್ಥಪ್ಪನಿಗೆ ಆಗ ನೆನಪು ಬಂತು ನೋಡಿ! "ನಮ್ಮಪ್ಪನ ಕಾಲ್ದಲ್ಲಿ ಇದು ಆರುನೂರಕ್ಕೇ ಓಡ್ತಿತ್ತು ಕಣ್ರೀ, ಇವನ್ಯಾಕೆ ಇಷ್ಟು ಜೋರು ಮಾಡ್ದ?" ಎಂದು ಬಂದವರಿಗೆಲ್ಲ ಹೇಳಿದ. ಒಂದು ತಿಂಗಳು ಹೇಳದ ಮಾತು. ಅದನ್ನು ನೆನೆದರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ.

ಪುಟ್ಟಯ್ಯನನ್ನು ಮಣ್ಣು ಮಾಡುವ ಜಾಗದಲ್ಲೇ ಗಿರಿಯಪ್ಪ ಗುಂಡಿ ತೋಡಿದ ಹಾರೆ ಎತ್ತಿಕೊಂಡು ಭಾವನ ಮೇಲೆ ಬಿದ್ದ. ಓಬಳಪ್ಪನ ಹೆಗಲು ಸೀಳಿತು. ಅವನು ಹಾರೆ ಕಿತ್ತುಕೊಂಡು ಅದರ ಹಿಂತುದಿಯಿಂದ ಗಿರಿಯಪ್ಪನ ಬಾಯಿಗೆ ಗುದ್ದಿದ, ಮುಂದಿನ ಹಲ್ಲುಗಳು ತಮ್ಮನ ಗುಂಡಿಯೊಳಗೆ ಬಿದ್ದವು. ಹೆಣ ಪಕ್ಕದಲ್ಲಿದೆ, ಇವರಿಬ್ಬರೂ ಹಸಿಮಣ್ಣಿನಲ್ಲಿ ಹೊರಳಾಡುತ್ತಿದ್ದಾರೆ. ಭಾಗಮ್ಮ ಈ ಸಲ ಬಿಡಿಸಲಿಲ್ಲ. ಜನ ಎಳೆದು ದೂರ ಮಾಡಿದ ಮೇಲೆ ಗಂಡನ ಮುಂದೆ ಬಂದು ನಿಂತಳು.

"ಜಾಸ್ತಿ ಓಡಿಸ್ದೆ ಅಂತ ಒಪ್ಕೋ. ನನ್ ತಮ್ಮನ್ನ ನಾನೇ ಕೊಂದೆ ಅನ್ನು. ಒಪ್ಕೊಂಡ್ರೆ ನಿನ್ ಹಿಂದೆ ಬತ್ತೀನಿ. ಇಲ್ದಿದ್ರೆ ನೀನೂ ಇದೇ ಗುಂಡಿಗೆ ಬಿದ್ದೆ ಅನ್ಕೋತೀನಿ."

"ಪ್ಲೇಟ್‌ನಾಗೆ ಒಂಬೈನೂರು ಅಂತ ಐತೆ ಕಣೇ. ಓದಿದೀನಿ ನಾನು. ಓದೋಕೆ ಬತ್ತದೆ ನಂಗೆ."

ಅವಳು ಅಣ್ಣನ ಮನೆಗೆ ಹೋದಳು. ಓಬಳಪ್ಪ ಮುರಿದ ಇಂಜಿನ್ನಿನಿಂದ ಆ ಹಿತ್ತಾಳೆ ತಗಡನ್ನು ಕಿತ್ತು ಅಂಗಿಯೊಳಗೆ ಇಟ್ಟುಕೊಂಡ.

ಪೊಲೀಸರ ಕಡೆ ಅದು ಆಕಸ್ಮಿಕ ಎಂದು ಮುಗಿದುಹೋಯಿತು. ಊರಿನಲ್ಲಿ ಮುಗಿಯಲಿಲ್ಲ. ಓಬಳಪ್ಪ ಕಂಡವರಿಗೆಲ್ಲ ತಗಡು ತೋರಿಸಿ "ಓದಿ" ಅನ್ನುತ್ತಿದ್ದ. ಕನ್ನಡದಲ್ಲಿ ಆರಕ್ಕೂ ಒಂಬತ್ತಕ್ಕೂ ಇರುವ ವ್ಯತ್ಯಾಸ ಒಂದು ಸಣ್ಣ ಕೊಂಕು. ಶಾಲೆಯ ಮೇಷ್ಟ್ರು ಆರು ಎಂದರು, ಅಂಚೆಯವನು ಒಂಬತ್ತು ಎಂದ. ಕಡೂರಿನ ಬಸ್‌ಸ್ಟ್ಯಾಂಡಿನಲ್ಲಿ ಒಬ್ಬ ಬೀಡಾ ಅಂಗಡಿಯವನು "ಆರು ಕಣಪ್ಪ, ಕಣ್ಣು ಕಾಣ್ಸಲ್ವ?" ಎಂದಿದ್ದಕ್ಕೆ ಅವನ ತಲೆಯನ್ನು ಸುಣ್ಣದ ಡಬ್ಬಕ್ಕೆ ಅದ್ದಿದ. ಆ ಮನುಷ್ಯ ಒಂದು ಕಣ್ಣು ಕಳೆದುಕೊಳ್ಳುವುದರಲ್ಲಿದ್ದ. ಅಜ್ಜಂಪುರದಲ್ಲಿ ಗಿರಿಯಪ್ಪ ಕಂಡಾಗಲೆಲ್ಲ ಅಟ್ಟಿಸಿಕೊಂಡು ಬರುತ್ತಿದ್ದ. ಒಂದು ಸಲ ಸಂತೆಯಲ್ಲಿ ಕುಡುಗೋಲು ಬೀಸಿದ, ಓಬಳಪ್ಪನ ಕಿವಿಯ ತುದಿ ಹೋಯಿತು. ಇವನು ಬಿಡುವ ಪೈಕಿಯೇ? ಅವನ ಮೂರು ಪಕ್ಕೆಲುಬು ಮುರಿದ. ಹೊಡೆದಾಟ ಮುಗಿದ ಮೇಲೆ ಇಬ್ಬರೂ ಅಳುತ್ತಿದ್ದರು ಎಂದು ನೋಡಿದವರು ಹೇಳಿದರು. ಇಬ್ಬರಿಗೂ ಪುಟ್ಟಯ್ಯನ ಮೇಲೆ ಪ್ರಾಣವೇ ಇತ್ತಲ್ಲ.

ಅಂಕಿಯ ಜಗಳ ಹೀಗೆ ಬಗೆಹರಿಯುವುದಿಲ್ಲ ಎಂದು ಅವನಿಗೆ ಹೊಳೆಯಲು ಬಹಳ ಕಾಲ ಹಿಡಿಯಿತು. "ಪ್ಲೇಟ್ ಬಿಡು. ಇಂಜಿನ್ ಯಾವ ಕಾಲದ್ದು, ಯಾವ ಮಾಡೆಲ್ಲು ಅಂತ ಗೊತ್ತಾದ್ರೆ ಅದರ ಸುತ್ತು ತಾನಾಗೇ ಗೊತ್ತಾಗುತ್ತೆ" ಎಂದು ನಾನೇ ಹೇಳಿದೆ. ಅದು ಒಂಬೈನೂರರ ಮಾಡೆಲ್ ಎಂದು ತೋರಿಸಿಬಿಟ್ಟರೆ ಭಾಗಮ್ಮ ವಾಪಸು ಬರುತ್ತಾಳೆ, ಇದೊಂದೇ ಅವನ ತಲೆಯಲ್ಲಿ. ಮಿಲ್ಲಿನ ಹಿತ್ತಿಲಿನಲ್ಲಿ ಬಿದ್ದಿದ್ದ ಇಂಜಿನ್ನಿನ ಅಳಿದುಳಿದ ಭಾಗದ ಮುಂದೆ ಕೂತು ಆಯುಧಪೂಜೆಗಳ ಬಣ್ಣವನ್ನು ಪದರ ಪದರವಾಗಿ ಕೆರೆದ. ಹಸಿರಿನ ಕೆಳಗೆ ಬೂದು, ಬೂದಿನ ಕೆಳಗೆ ಇಟ್ಟಿಗೆ ಬಣ್ಣ. ಎಲ್ಲದರ ಕೆಳಗೆ, ಕಬ್ಬಿಣದಲ್ಲೇ ಕುಟ್ಟಿದ್ದ ಕಂಪನಿಯ ನಂಬರು ಸಿಕ್ಕಿತು. ತೀರ್ಥಪ್ಪ ಅಡ್ಡ ಬಂದಾಗ ಕೆರೆಯುವ ಉಳಿಯನ್ನೇ ಅವನ ಹೊಟ್ಟೆಗೆ ಹಿಡಿದು ಹೊರಗೆ ಕಳಿಸಿದನಂತೆ.

ಆ ನಂಬರು ಹಿಡಿದುಕೊಂಡು ಇಂಥದೇ ಇನ್ನೊಂದು ಇಂಜಿನ್ ಹುಡುಕಿದ. ಕಡೂರು, ಸಖರಾಯಪಟ್ಟಣ, ಎಲ್ಲ ಕಡೆ ಹಳೇ ಮಿಲ್ಲುಗಳಿಗೆ ನುಗ್ಗಿದ. ಕೊನೆಗೆ ಸಿಕ್ಕಿದ್ದು ಲಕ್ಕವಳ್ಳಿಯಲ್ಲಿ. ಡ್ಯಾಮು ಕಟ್ಟುವ ಕಾಲದಲ್ಲಿ ತಂದಿದ್ದ ಹಳೇ ಯಂತ್ರಗಳ ರಾಶಿಯಲ್ಲಿ ಅದರ ಅವಳಿ ಬಿದ್ದಿತ್ತು. ಕಾವಲಿನ ಚೌಡಪ್ಪ ಒಳಗೆ ಬಿಡಲಿಲ್ಲ. ಓಬಳಪ್ಪ ಬೇಲಿ ಹಾರಿದ. ಚೌಡಪ್ಪ ದೊಣ್ಣೆಯಿಂದ ಮುಖಕ್ಕೆ ಹೊಡೆದ, ತುಟಿ ಸೀಳಿ ಎರಡಾಯಿತು. ಇವನು ಅವನನ್ನು ಕೆಡವಿ ಎದೆಯ ಮೇಲೆ ಕೂತು, ಕತ್ತು ಅದುಮಿ ಹಿಡಿದೇ ತನ್ನ ಕತೆ ಹೇಳಿದ. ಕೇಳಿದ ಚೌಡಪ್ಪ ಉಸಿರು ಬಂದ ಮೇಲೆ ತಾನೇ ಎದ್ದು ಬಳ್ಳಿ ಸರಿಸಿ ತೋರಿಸಿದನಂತೆ. ಅದೇ ಉದ್ದನೆಯ ಅರೆಗಳ ಚಕ್ರ. ನಂಬರೂ ಹತ್ತಿರ ಹತ್ತಿರ, ಹಿಂದೆಮುಂದೆ ಎರಕ ಹೊಯ್ದವು. ಕಂಪನಿಯ ಪ್ಲೇಟು ಹಾಗೇ ಇತ್ತು. ಇಂಗ್ಲಿಷ್ ಅಂಕಿಯಲ್ಲಿ, ಯಾವ ಕೊಂಕೂ ಇಲ್ಲದೆ, ಆರುನೂರು. ಅದು ಎರಡನೇ ಮಹಾಯುದ್ಧಕ್ಕೂ ಮೊದಲಿನ ಹಳೇ ಮಾಡೆಲ್. ಒಂಬೈನೂರರ ಮಾಡೆಲ್ ಆಮೇಲೆ ಬಂದದ್ದು, ಅದಕ್ಕೆ ಆ ವೇಗ ತಡೆಯಲು ಅರೆಗಳಿಲ್ಲದ ದಪ್ಪ ಚಕ್ರ.

ಅಲ್ಲಿಂದ ನೇರ ನನ್ನ ಅಂಗಡಿಗೆ ಬಂದ. ತುಟಿಯಿಂದ ರಕ್ತ ಸುರಿಯುತ್ತಿದೆ, ಆದರೆ ಮುಖದಲ್ಲಿ ಬೆಳಕು.

"ಓಂಕಾರಣ್ಣ, ಇಂಜಿನ್ ಆರುನೂರ್ದೇ. ಪ್ಲೇಟೇ ಸುಳ್ಳು ಬೊಗಳಿರೋದು! ಬರ್ದೋನ್ ತಪ್ಪು, ಬರ್ಸಿದ ತೀರ್ಥಪ್ಪನ ಅಪ್ಪನ ತಪ್ಪು. ನಾನು ಇದ್ದುದ್ದನ್ನ ಓದ್ದೆ. ನೀನು ಒಂದ್ಸಲ ಭೂತಗನ್ನಡಿ ಹಿಡ್ದು ಒಂಬತ್ತು ಅಂತ ಹೇಳ್ಬಿಡು. ಇವತ್ತೇ ತೀರ್ಥಪ್ಪನ್ನ ಅವನ ಹಲ್ಲರ್‌ಗೇ ತುರುಕಿ ಬತ್ತೀನಿ."

ಅವನು ತುರುಕುತ್ತಿದ್ದ, ಅನುಮಾನ ಬೇಡ. ನಾನು ತಗಡನ್ನು ಕಿಟಕಿಯ ಬೆಳಕಿಗೆ ಹಿಡಿದು ಭೂತಗನ್ನಡಿಯಲ್ಲಿ ನೋಡಿದೆ. ಪಾತ್ರೆಗೆ ಹೆಸರು ಹಾಕುವವರು ಗೆರೆ ಎಳೆಯುವುದಿಲ್ಲ, ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಕುಟ್ಟುತ್ತಾರೆ. ಆ ಚುಕ್ಕಿಗಳು ಸವೆದಿದ್ದರೂ ಕಾಣುತ್ತಿದ್ದವು. ಅವುಗಳ ಮೇಲೆ ಬೇರೆ ಯಾರೋ ಮೊಳೆಯ ಮೊನೆಯಿಂದ ಗೆರೆ ಎಳೆದು ಚುಕ್ಕಿಗೆ ಚುಕ್ಕಿ ಕೂಡಿಸಿದ್ದರು.

"ಓಬಳಾ, ಚುಕ್ಕಿ ಹೊಡೆದೋನು ಸರಿಯಾಗೇ ಹೊಡೆದಿದಾನೆ ಕಣೋ, ಆರೇ. ಆಮೇಲೆ ಯಾರೋ ಓದು ಬರದೋರು ಗೆರೆ ಕೂಡಿಸೋಕೆ ಹೋಗಿ ಕೊನೇ ಚುಕ್ಕೀನ ಆಚೆ ಕಡೆ ಎಳೆದು ಒಂಬತ್ತು ಮಾಡಿದಾರೆ. ನೋಡಿಲ್ಲಿ, ಎಲ್ಲ ಅಕ್ಷರಕ್ಕೂ ಎಳೆದಿದಾರೆ, ಸೊನ್ನೆಯೊಳಗೆ ಒಂದೊಂದು ಹೂವು ಬೇರೆ. ರಂಗೋಲಿ ಹಾಕ್ದಂಗೆ. ಯಾವ ಮುಂಡೇದಿದು?"

ನಾನು ತಲೆಯೆತ್ತಿ ನೋಡುವಾಗ ಅವನ ಮುಖ ಬೂದಿಯಾಗಿತ್ತು. ಆಮೇಲೆ ಮೆಲ್ಲಗೆ, ನನಗಲ್ಲ, ತನಗೇ ಹೇಳಿಕೊಂಡ. ಮದುವೆಯಾದ ಹೊಸದರಲ್ಲಿ ಭಾಗಮ್ಮ ಹೇಳಿದ್ದಳಂತೆ. ಆಯುಧಪೂಜೆಗೆ ಆ ಇಂಜಿನ್ ತೊಳೆಯುವವಳು ತಾನೇ, ಹುಣಸೆಹಣ್ಣು ಹಾಕಿ ತಿಕ್ಕಿ ತಿಕ್ಕಿ ಚುಕ್ಕಿಯೆಲ್ಲ ಮಾಸಿಹೋಗಿತ್ತು, ದೇವರ ಮುಖ ಬೋಳು ಕಾಣಬಾರದೆಂದು ತಾನೇ ಎಳೆ ಕೂಡಿಸಿ ಚೆಂದ ಮಾಡಿದೆ ಎಂದು. ಅವನು ಆಗ ನಕ್ಕು ಮರೆತಿದ್ದ. ಇಂಜಿನ್ ಮುಂದೆ ನಿಂತು ಓದುವಾಗ ಅದು ಅವನ ತಲೆಗೆ ಬಂದಿರಲೇ ಇಲ್ಲ.

ನಾನು ಬಾಯಿ ತೆರೆಯುವ ಮೊದಲೇ ಅವನ ಕೈ ನನ್ನ ಕುತ್ತಿಗೆಯ ಮೇಲಿತ್ತು. ಲೇತ್ ಮೇಲೆ ನನ್ನನ್ನು ಮಲಗಿಸಿಬಿಟ್ಟ, ಕಣ್ಣಿಗೆ ಕತ್ತಲೆ ಬಂತು.

"ಈ ಮಾತು ನಿನ್ ಬಾಯಿಂದ ಆಚೆ ಬಿದ್ರೆ ಸಿಗ್ದು ಹಾಕ್ತೀನಿ ಓಂಕಾರಣ್ಣ. ನಿನ್ ಮಕ್ಕಳಾಣೆ ಇಡು."

ಇಟ್ಟೆ. ಕುತ್ತಿಗೆ ಬಿಟ್ಟ. ತಗಡನ್ನು ತಾನೇ ತೆಗೆದುಕೊಂಡು ಹೋಗಿ ನನ್ನ ಗ್ರೈಂಡರ್ ಕಲ್ಲಿಗೆ ಹಿಡಿದ. ಕಬ್ಬಿಣದ ಹಾಗೆ ಹಿತ್ತಾಳೆ ಕಿಡಿ ಹಾರಿಸುವುದಿಲ್ಲ, ಸುಮ್ಮನೆ ಸವೆಯುತ್ತದೆ. ಬೆರಳ ತುದಿಯ ಚರ್ಮ ಹೋದರೂ ಬಿಡಲಿಲ್ಲ. ಅಂಕಿ ಹೋಯಿತು, ಹೂವು ಹೋಯಿತು. ಉಳಿದ ಬೋಳು ತಗಡನ್ನು ನನ್ನ ಗುಜರಿ ಡಬ್ಬಕ್ಕೆ ಎಸೆದು ಅಜ್ಜಂಪುರದ ಬಸ್ಸಿಗೆ ಓಡಿದ. ಏನಾದರೂ ಮಾಡಿಕೊಂಡಾನೆಂದು ನಾನೂ ಹಿಂದೆ ಹತ್ತಿದೆ.

ಗಿರಿಯಪ್ಪ ಅಂಗಳದಲ್ಲಿ ನೇಗಿಲು ಸರಿಮಾಡುತ್ತಿದ್ದ. ಇವನನ್ನು ಕಂಡದ್ದೇ ಎದ್ದು ಸುತ್ತಿಗೆ ಹಿಡಿದ. ಭಾಗಮ್ಮ ಬಾಗಿಲಿಗೆ ಬಂದಳು. ಕೇರಿಯವರು ಹೊಡೆದಾಟ ನೋಡಲು ಸೇರಿದರು. ಓಬಳಪ್ಪ ಅಂಗಳದ ಮಧ್ಯೆ ನಿಂತು, ಹಿಂದೆ ಪ್ಲೇಟು ಓದುತ್ತಿದ್ದ ಅದೇ ಗಟ್ಟಿ ದನಿಯಲ್ಲಿ ಹೇಳಿದ.

"ಆರೇ ಇತ್ತು. ನಾನೇ ತಪ್ಪು ಓದ್ದೆ. ಲಕ್ಕವಳ್ಳೀಲಿ ಅದರ ಜೋಡಿ ಇಂಜಿನ್ ನೋಡ್ಕೊಂಡ್ ಬಂದೆ. ನಾನೇ ಜಾಸ್ತಿ ಓಡ್ಸಿದ್ದು. ಪುಟ್ಟಯ್ಯನ್ನ ನಾನೇ ಕೊಂದಿದ್ದು."

ಗಿರಿಯಪ್ಪ ಮೊದಲ ಏಟನ್ನು ದವಡೆಗೆ ಹಾಕಿದ. ಓಬಳಪ್ಪ ಮಂಡಿಯೂರಿದ. ಎರಡನೆಯದು ಬೆನ್ನಿಗೆ. ಇವನ ಕೈ ಮೇಲೇಳಲಿಲ್ಲ. ಜನ್ಮದಲ್ಲಿ ಒಂದೇಟು ಉಳಿಸಿಕೊಂಡವನಲ್ಲ, ಹಾಗೇ ಕೂತಿದ್ದ. ಅದು ಗಿರಿಯಪ್ಪನಿಗೆ ಇನ್ನಷ್ಟು ಹುಚ್ಚು ಹಿಡಿಸಿತು. "ಎದ್ದೇಳೋ, ಹೊಡಿಯೋ!" ಎಂದು ಕಿರುಚುತ್ತಾ ಇವನ ಬಲಗೈಯನ್ನು ಒರಳುಕಲ್ಲಿನ ಮೇಲೆ ಎಳೆದಿಟ್ಟು ಸುತ್ತಿಗೆ ಬಿಟ್ಟ. ಮೂಳೆ ಮುರಿದ ಸದ್ದು ಕೇರಿಯ ಕೊನೆಗೂ ಕೇಳಿತು. ಮತ್ತೊಮ್ಮೆ ಬಿಟ್ಟ. ಮಣಿಕಟ್ಟಿನ ಕೆಳಗೆ ಕೈಯೇ ಇರಲಿಲ್ಲ, ಮಾಂಸ ಮತ್ತು ಬೆರಳು ಅಷ್ಟೆ.

ನನಗೆ ತಡೆಯಲಾಗಲಿಲ್ಲ. ಆಣೆ ಹಾಳಾಗಿ ಹೋಗಲಿ ಎಂದು "ಲೇ ಗಿರಿಯಪ್ಪ, ಅದು ಹಂಗಲ್ಲ ಕಣೋ" ಎಂದು ನುಗ್ಗಿದೆ. ನೆಲದ ಮೇಲೆ ಬಿದ್ದಿದ್ದ ಓಬಳಪ್ಪ ಅಲ್ಲಿಂದಲೇ ಕಾಲು ಬೀಸಿ ನನ್ನ ಮೊಣಕಾಲಿನ ಚಿಪ್ಪಿಗೆ ಒದ್ದ. ನಾನು ಕುಸಿದು ಕೂತೆ. ಅವನ ಕಣ್ಣು ನೋಡಿದೆ, ಬಾಯಿ ಮುಚ್ಚಿಕೊಂಡೆ.

"ಸಾಕು ಬಿಡಣ್ಣಾ," ಭಾಗಮ್ಮ ಅಂಗಳಕ್ಕೆ ಇಳಿದಳು. ಅಣ್ಣನ ಕೈಯಿಂದ ಸುತ್ತಿಗೆ ಕಿತ್ತು ಎಸೆದಳು. ಗಂಡನ ಮುಂದೆ ಕೂತು ಅವನ ಎರಡೂ ಕೆನ್ನೆಗೆ ಪಟಪಟ ಬಾರಿಸಿದಳು, ಕೈ ಸೋಲುವವರೆಗೆ. "ಇದನ್ನ ಆವತ್ತೇ ಅಂದಿದ್ರೆ ನಿನ್ ಗಂಟು ಹೋಗ್ತಿತ್ತಾ, ಪಾಪಿ?" ಎಂದು ಅತ್ತಳು. ಆಮೇಲೆ ಸೆರಗು ಹರಿದು ಜಜ್ಜಿಹೋದ ಕೈಗೆ ಸುತ್ತಿದಳು. ಅವನನ್ನು ಎಬ್ಬಿಸಿ ಹೆಗಲು ಕೊಟ್ಟು ಬಸ್ಸಿಗೆ ಹತ್ತಿಸಿದಳು. ಅಣ್ಣನ ಮನೆಯಿಂದ ಒಂದು ಸೀರೆಯನ್ನೂ ಎತ್ತಿಕೊಳ್ಳಲಿಲ್ಲ.

ಕೊಟ್ಟ ಮಾತು ಉಳಿಸಿಕೊಂಡಳು, ಅದನ್ನು ನಾನು ಹೇಳಲೇಬೇಕು. ಇಬ್ಬರೂ ಕಡೂರಿನಲ್ಲಿ ಒಂದು ಸಣ್ಣ ಮನೆ ಹಿಡಿದರು. ಅವನ ಬಲಗೈ ಕೊಕ್ಕೆಯಾಗಿ ಕೂಡಿಕೊಂಡಿತು, ಹ್ಯಾಂಡಲ್ ತಿರುಗಿಸಿ ಇಂಜಿನ್ ಚಾಲೂ ಮಾಡುವುದು ಅಲ್ಲಿಗೆ ಮುಗಿಯಿತು. ಅವಳು ಕಾಯಿಮಂಡಿಯಲ್ಲಿ ತೆಂಗಿನಕಾಯಿ ಸುಲಿದು ಮನೆ ನಡೆಸಿದಳು. ಇವನು ಒಂದು ಟ್ರ್ಯಾಕ್ಟರ್ ಗ್ಯಾರೇಜಿನಲ್ಲಿ ಕೂತು ಬೇರೆಯವರ ಕೈಯಿಂದ ಕೆಲಸ ಮಾಡಿಸುತ್ತಿದ್ದ, ಎಡಗೈಯಲ್ಲಿ ಸ್ಪ್ಯಾನರ್ ಎಸೆಯುತ್ತಿದ್ದ.

ಎಂಬತ್ತರ ದಶಕದಲ್ಲಿ ನಾನು ಆ ಕಡೆ ಹೋದಾಗಲೆಲ್ಲ ಅವರ ಮನೆಗೆ ಹೋಗುತ್ತಿದ್ದೆ. ಹೋದರೆ ಊಟ ಆಗಲೇಬೇಕು. ಎಡಗೈಯಲ್ಲಿ ಉಣ್ಣಲು ಅವಳು ಬಿಡುತ್ತಿರಲಿಲ್ಲ. ಮುದ್ದೆ ಮುರಿದು ಸಾರಿನಲ್ಲಿ ಅದ್ದಿ ತಾನೇ ಅವನ ಬಾಯಿಗಿಡುತ್ತಿದ್ದಳು. ತಮ್ಮನ ನೆನಪು ನುಗ್ಗಿ ಬಂದ ದಿನ ತುತ್ತು ಹಿಡಿದೇ ಬೈಯಲು ಶುರುಮಾಡುತ್ತಿದ್ದಳು. ಒಂದು ದಿನ ನನ್ನೆದುರಿಗೇ ಆಯಿತು.

"ಆರು ಯಾವ್ದು, ಒಂಬತ್ತು ಯಾವ್ದು ಅಂತ ಯಾರ್ನಾದ್ರೂ ಒಂದು ಮಾತು ಕೇಳೋಕೆ ಏನಾಗಿತ್ತು ನಿಂಗೆ? ನೀವಾದ್ರೂ ಹೇಳಿ ಓಂಕಾರಣ್ಣ, ಅಷ್ಟೂ ಗೊತ್ತಾಗಲ್ವಾ ಮನುಷ್ಯನಿಗೆ?"

ನಾನು ತಟ್ಟೆಯಲ್ಲಿ ಕಣ್ಣು ನೆಟ್ಟೆ. ಓಬಳಪ್ಪ ನನ್ನ ಕಡೆ ಒಮ್ಮೆ ನೋಡಿ, ಅವಳ ಕಡೆ ತಿರುಗಿದ.

"ಗೊತ್ತಾಗ್ಲಿಲ್ಲ ಕಣೇ," ಎಂದು ಬಾಯಿ ತೆರೆದ.